ಎಳೆಯ ಹುಡುಗಿಯರೂ ಹಿಡಿತದ ಕಬಡ್ಡಿಯೂ

ಈ ಸ್ಮರಣ ಸಂಚಿಕೆಗಾಗಿ ಶಾಲೆಯ ಹಿಂದಿನ ದಿನಗಳನ್ನು ಕುರಿತು ಏನಾದರೂ ಬರೆಯಬೇಕೆಂದು ಸಂಪಾದಕ ಮಂಡಳಿಯ ಸೋದರಿಯರು ನನ್ನನ್ನು ಕೇಳಿಕೊಂಡರು. ಹಿಂದಿನ ದಿನಗಳನ್ನು ನನಗಿಂತ ಸೊಗಸಾಗಿ ಬಣ್ಣಿಸಬಲ್ಲವರು ನಮ್ಮಲ್ಲಿ ಅನೇಕರಿರುವದರಿಂದ ಆ ಕೆಲಸವನ್ನು ಅವರಿಗೇ ಬಿಟ್ಟು, ನಮ್ಮ ಗೊರೇಬಾಳದಲ್ಲಿಯೂ ಸುತ್ತಲಿನ ಸಿಂಧನೂರು, ಮಸ್ಕಿ, ಲಿಂಗಸೂಗೂರು ಸೀಮೆಯಲ್ಲಿಯೂ ಈಚೆಗೆ ತಾಯಂದಿರ ಬಾಯಲ್ಲಿ ಮೇಲಿಂದ ಮೇಲೆ ಬರುತ್ತಿರುವ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಒಂಬತ್ತು ಹತ್ತು ವರುಷದ ಬಾಲಿಕೆಯನ್ನು ಕಬಡ್ಡಿಯ ತಂಡಕ್ಕೆ ಸೇರಿಸಿ, ಕಾಲು ಹಿಡಿದು ಕೆಡಹುವ, ಸೊಂಟ ಹಿಡಿದು ಎಳೆಯುವ ಪಂದ್ಯಗಳಿಗೆ ಕಳುಹಿಸುವದು ಸರಿಯೋ, ಅಥವಾ ಇನ್ನೂ ಮೂರು ನಾಲ್ಕು ವರುಷ ತಡೆಯುವದು ಲೇಸೋ? ಹೆಣ್ಣುಮಕ್ಕಳು ಆಡಬೇಕೋ ಬೇಡವೋ ಎಂಬದು ನನ್ನ ಪ್ರಶ್ನೆಯಲ್ಲ. ಆ ವಾದವನ್ನು ನಮ್ಮ ಮಿಶನ್ ಶಾಲೆಗಳ ಅಂಗಳಗಳು ಬಹಳ ಹಿಂದೆಯೇ ತೀರಿಸಿಬಿಟ್ಟಿವೆ.

ಆಟವಂತೂ ನಮಗೆ ಹೊಸದಲ್ಲ. ಕಬಡ್ಡಿ ಎಂಬ ಹೆಸರು ಗಟ್ಟಿಯಾಗುವ ಮುಂಚೆ ನಮ್ಮ ಕಡೆಗೆ ಅದನ್ನು ಹುತುತು ಎಂದೇ ಕರೆಯುತ್ತಿದ್ದರು. ಮೈಸೂರು ಕಡೆಯವರು ಚಡುಗುಡು ಎನ್ನುತ್ತಿದ್ದರು. ಜೋಳದ ರಾಶಿ ಮುಗಿದ ಮೇಲೆ ಹೊಟ್ಟು ಚೆಲ್ಲಿದ ಕಣದಲ್ಲಿ ಬೆಳುದಿಂಗಳ ರಾತ್ರಿ ಮಕ್ಕಳು ಆಡುತ್ತಿದ್ದುದು ಇದನ್ನೇ. ಬಿದ್ದರೆ ಮೆತ್ತಗೆ ಬೀಳುತ್ತಿದ್ದೆವು. ಕಾಲುವೆಯ ನೀರು ಬಂದು, ಜೋಳ ಹೋಗಿ ನೆಲ್ಲು ಬಂದು, ನೆಲ್ಲನ್ನು ಗದ್ದೆಯಲ್ಲಿಯೇ ಯಂತ್ರವು ಕೊಯ್ದು ಬಡಿದು ಕೊಡುವಂತಾದ ಮೇಲೆ ಕಣಗಳು ಅಪರೂಪವಾದವು. ಉಳಿದಿರುವದು ಎರೆ ನೆಲ. ಬೇಸಗೆಯಲ್ಲಿ ಅದು ಬಿರಿದು ಕಲ್ಲಾಗುವದು, ಮಳೆಗಾಲದಲ್ಲಿ ಹೆಜ್ಜೆಯನ್ನೇ ಕಚ್ಚಿ ಹಿಡಿಯುವದು.

ಆ ಹಳೆಯ ಆಟದಲ್ಲಿ ಒಂದು ಕಟ್ಟಳೆ ಇತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಪ್ರತಿ ಊರಿನ ಮಕ್ಕಳಿಗೂ ಗೊತ್ತಿತ್ತು. ಅಕ್ಕನ ಸೆರಗು ಹಿಡಿದು ಬಂದ ಪುಟ್ಟ ಮಗುವನ್ನು ಅಳಿಸಿ ಹಿಂದಕ್ಕೆ ಕಳುಹಿಸುತ್ತಿರಲಿಲ್ಲ, ಆಟದೊಳಕ್ಕೆ ಬಿಟ್ಟುಕೊಳ್ಳುತ್ತಿದ್ದರು. ಆದರೆ ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅದು ಉಸಿರು ಬಿಗಿಹಿಡಿದು ಬಂದರೆ ದೊಡ್ಡವರು ಹೆದರಿದಂತೆ ನಟಿಸಿ ಹಿಂದೆ ಸರಿಯುವರು; ಅದನ್ನು ಯಾರೂ ಕಾಲು ಹಿಡಿದು ಕೆಡಹುವದಿಲ್ಲ, ಮುಟ್ಟಿದರೆ ಸಾಕು, ಔಟು. ಇಂದು ಈ ಮಾತನ್ನು ನಾವು ಒಬ್ಬರನ್ನು ಹಗುರಮಾಡುವದಕ್ಕೆ ಆಡುತ್ತೇವೆ. ಮೂಲದಲ್ಲಿ ಅದು ಎಳೆಯ ಎಲುಬನ್ನು ಕಾಯುವ ಕಾಯಿದೆಯಾಗಿತ್ತೆಂದು ನನಗೆ ತೋರುವದು. ನಾಲ್ಕಾರು ವರುಷ ಹಾಗೆ ಆಡಿದ ಮಗುವು ಒಂದು ದಿನ ತಾನಾಗಿಯೇ ಲೆಕ್ಕಕ್ಕೆ ಬರುತ್ತಿತ್ತು. ಆ ದಿನ ಯಾವದೆಂದು ಅದರ ಜೊತೆಯವರಿಗೇ ತಿಳಿಯುತ್ತಿತ್ತು.

ವ್ಯವಸ್ಥಿತ ಕಬಡ್ಡಿಯಲ್ಲಿ ಈ ಕಟ್ಟಳೆಗೆ ಸ್ಥಳವಿಲ್ಲ. ಅಲ್ಲಿ ಬಂದವರೆಲ್ಲರೂ ಲೆಕ್ಕಕ್ಕೇ. ಬರೋಡೆಯಲ್ಲಿ 1923ರಲ್ಲಿ ಆಟದ ನಿಯಮಗಳು ಅಚ್ಚಾದವು. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಬರ್ಲಿನ್ ಒಲಿಂಪಿಕ್ಸಿನ ಕಾಲದಲ್ಲಿ ಅದನ್ನು ಪ್ರದರ್ಶಿಸಿದರು. 1950ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿತು. 1990ರಲ್ಲಿ ಬೀಜಿಂಗಿನ ಏಶಿಯಾ ಕ್ರೀಡೆಗಳಲ್ಲಿ ಪುರುಷರಿಗೂ, 2010ರಲ್ಲಿ ಗುವಾಂಗ್‌ಝೌದಲ್ಲಿ ಸ್ತ್ರೀಯರಿಗೂ ಪದಕದ ಆಟವಾಯಿತು. ಆ 2010ರ ಚಿನ್ನದಲ್ಲಿಯೂ 2014ರ ಚಿನ್ನದಲ್ಲಿಯೂ ನಮ್ಮ ನಾಡಿನ ಇಬ್ಬರು ಹೆಣ್ಣುಮಕ್ಕಳ ಪಾಲಿದೆ. ಕಾರ್ಕಳ ಸೀಮೆಯ ಮಮತಾ ಪೂಜಾರಿಯವರೂ ಬೆಂಗಳೂರಿನ ತೇಜಸ್ವಿನಿ ಬಾಯಿಯವರೂ ಅರ್ಜುನ ಪ್ರಶಸ್ತಿಯನ್ನು ಪಡೆದವರು. 2014ರಿಂದ ದೂರದರ್ಶನದ ಪೆಟ್ಟಿಗೆಯಲ್ಲಿ ಪ್ರೊ ಕಬಡ್ಡಿಯ ಪಂದ್ಯಗಳು ಬರತೊಡಗಿದ ಮೇಲಂತೂ ಗೊರೇಬಾಳದ ಹುಡುಗರು ಹಾಗಿರಲಿ, ಹುಡುಗಿಯರೂ ತೊಡೆ ತಟ್ಟಿಕೊಂಡು ಓಡಾಡತೊಡಗಿದರು. (ಸ್ತ್ರೀಯರಿಗೂ ಅಂಥದೇ ಪಂದ್ಯಾವಳಿಯೊಂದನ್ನು 2016ರಲ್ಲಿ ಮೂರು ತಂಡಗಳಿಂದ ನಡೆಯಿಸಿದರು. ಎರಡು ತಂಡಗಳಿಗೆ ಈ ಇಬ್ಬರು ಕನ್ನಡತಿಯರೇ ನಾಯಕಿಯರು. ಅದು ಒಂದೇ ವರುಷಕ್ಕೆ ನಿಂತಿತು. ಪುರುಷರದು ನಿಲ್ಲಲಿಲ್ಲ. ಅದರ ಮೇಲೆ ಟೀಕೆಯನ್ನು ವಾಚಕಿಯರೇ ಮಾಡಿಕೊಳ್ಳಲಿ.)

ಇನ್ನು ತಾಯ್ತಂದೆಗಳ ಆಸೆಯನ್ನು ಹೇಳಬೇಕು. ಅದನ್ನು ಬಿಟ್ಟು ಬರೀ ಎಲುಬು ಕೀಲುಗಳ ಮಾತನ್ನಾಡಿದರೆ ನ್ಯಾಯವಾಗದು. ನನ್ನ ತಂಗಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳಿಗೆ ಹತ್ತು ವರುಷ, ಐದನೆಯ ತರಗತಿ. ಕಾಲು ಬಹಳ ಚುರುಕು. ಮನೆಯಲ್ಲಿ ಹಾಲಿನ ಪಾತ್ರೆ ಉರುಳುವ ಮುಂಚೆಯೇ ಅದನ್ನು ಹಿಡಿಯುವಳು. ಕಳೆದ ವರುಷ ಸುತ್ತಲಿನ ಊರುಗಳ ಹುಡುಗಿಯರ ತಂಡವೊಂದಕ್ಕೆ ಅವಳನ್ನು ಆರಿಸಿದರು. ತಂಡದಲ್ಲಿ ಉಳಿದವರಿಗೆ ಹನ್ನೆರಡು, ಹದಿಮೂರು, ಒಬ್ಬಳಿಗೆ ಹದಿನಾಲ್ಕು ತುಂಬುವದರಲ್ಲಿತ್ತು. ತಂಗಿಯು ಹಿಗ್ಗಿನಿಂದ ಓಡಿ ಬಂದು ನನ್ನ ಅಭಿಪ್ರಾಯವನ್ನು ಕೇಳಿದಳು. ನಾನು ಕೂಡಲೆ ಹೂಂ ಎನ್ನದಿದ್ದುದಕ್ಕೆ ಮುಖವನ್ನು ಸಣ್ಣಗೆ ಮಾಡಿಕೊಂಡಳು. ಅವಳ ಲೆಕ್ಕವನ್ನು ನಾನು ಬಲ್ಲೆನು. ಆಟದಲ್ಲಿ ಮುಂದೆ ಬಂದ ಹುಡುಗಿಗೆ ಸರಕಾರದ ಕ್ರೀಡಾ ವಸತಿನಿಲಯ ಸಿಕ್ಕೀತು, ಓದು ನಿಲ್ಲದು. ಮುಂದೆ ರೈಲ್ವೆಯಲ್ಲಿಯೋ ಪೊಲೀಸಿನಲ್ಲಿಯೋ ಕ್ರೀಡಾಪಟುಗಳ ಪಾಲಿನ ನೌಕರಿ ದೊರೆತೀತು. ಎಲ್ಲಕ್ಕಿಂತ ಹೆಚ್ಚಾಗಿ, ಹದಿನಾರು ತುಂಬುವ ಮುಂಚೆ ಅತ್ತೆಯ ಮನೆಯವರು ಬಾಗಿಲಿಗೆ ಬಂದು ಕೂತರೆ, "ಹುಡುಗಿ ಜಿಲ್ಲೆಯ ತಂಡದಲ್ಲಿದ್ದಾಳೆ" ಎಂದು ಹೇಳಿ ಕಳುಹಿಸಬಹುದು. ಹದಿನೆಂಟಕ್ಕೆ ಮೊದಲು ಮದುವೆ ಸಲ್ಲದೆಂಬ ಕಾಯಿದೆ ಇದ್ದರೂ, ನಮ್ಮ ಸೀಮೆಯಲ್ಲಿ ಕಾಯಿದೆಗಿಂತ ಒಂದು ಬೆಳ್ಳಿಯ ಪದಕವೇ ಹೆಚ್ಚು ಮರ್ಯಾದೆಯಿಂದ ಮಾತನಾಡುವದುಂಟು. ಈ ಆಸೆಯನ್ನು ಹುಸಿಯೆಂದು ನಾನು ಹೇಳಲಾರೆ. ಅದು ಬದುಕಿನ ಪ್ರಶ್ನೆ.

ಆದರೂ ನಾನು ಹಿಂಜರಿದುದು ಏಕೆಂದರೆ, ಹಿಡಿತದ ಆಟವನ್ನು ಹತ್ತಿರದಿಂದ ನೋಡಿದ್ದೇನೆ. ದಾಳಿಗಾರ್ತಿಯು ಮೂವತ್ತು ಸೆಕೆಂಡುಗಳೊಳಗೆ ಒಂದೇ ಉಸಿರಿನ ಜಪದಲ್ಲಿ ಎದುರಾಳಿಗಳನ್ನು ಮುಟ್ಟಿ ಗೆರೆಗೆ ಮರಳಬೇಕು. ಅವಳು ಒಂದು ಕಾಲನ್ನು ಮುಂದೆ ಚಾಚಿದಾಗ ಒಬ್ಬಳು ಹಾರಿ ಗಿಲಕೆಯ ಕೀಲನ್ನು ಹಿಡಿಯುವಳು. ಅದೇ ಕ್ಷಣದಲ್ಲಿ ಕೈ ಕೈ ಹಿಡಿದು ಸರಪಳಿಯಾಗಿ ನಿಂತ ಇಬ್ಬರು ಬಂದು ಸೊಂಟಕ್ಕೂ ತೊಡೆಗೂ ಬೀಳುವರು. ಆಗ ಮೂವರ ಭಾರವೂ ಒಂದು ಮೊಳಕಾಲಿನ ಮೇಲೆ, ಅದೂ ತಿರುಚಿಕೊಂಡಿರುವ ಮೊಳಕಾಲಿನ ಮೇಲೆ, ಬರುವದು. ಬಾಯಿ ಮುಚ್ಚಬಾರದು, ಕತ್ತು ಹಿಸುಕಬಾರದು, ಕಾಲುಗಳಿಂದ ಕತ್ತರಿ ಹಾಕಬಾರದು, ಕೈಕಾಲು ಮುಂಡಗಳನ್ನಲ್ಲದೆ ಬೇರೆ ಅಂಗವನ್ನು ಹಿಡಿಯಬಾರದು ಎಂದು ನಿಯಮಗಳುಂಟು. ಒಳ್ಳೆಯ ತೀರ್ಪುಗಾರರಿದ್ದಲ್ಲಿ ಅವು ನಡೆಯುತ್ತವೆ. ಆದರೆ ಜಾತ್ರೆಗಳಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ, ಧ್ವನಿವರ್ಧಕದ ಗದ್ದಲದಲ್ಲಿ, ಬಹುಮಾನದ ಹಣವನ್ನು ಮೇಜಿನ ಮೇಲೆ ಇಟ್ಟಿರುವಾಗ ಯಾವ ತೀರ್ಪುಗಾರನು ಯಾವ ನಿಯಮವನ್ನು ನೆನಸುವನು? ಅಂಥ ಒಂದು ರಾತ್ರಿ, ಊರಿನ ಹೆಸರು ಬೇಡ, ಹನ್ನೊಂದರ ಹುಡುಗಿಯೊಬ್ಬಳ ಹೆಗಲಿನ ಮುಂದಿನ ಎಲುಬು ಮುರಿದ ಸದ್ದನ್ನು ನಾನು ಮೂರನೆಯ ಸಾಲಿನಲ್ಲಿ ಕೂತು ಕೇಳಿದೆನು. ಜನರು ಚಪ್ಪಾಳೆ ತಟ್ಟುತ್ತಲೇ ಇದ್ದರು, ಹಿಡಿತ ಅಷ್ಟು ಸೊಗಸಾಗಿತ್ತು. ಹುಡುಗಿಯನ್ನು ಹೊರಗೆ ತಂದು ನೀರು ಕುಡಿಸಿ, ಬದಲಿಗೆ ಇನ್ನೊಬ್ಬಳನ್ನು ಇಳಿಸಿದರು. ಪಂದ್ಯವು ಎರಡು ನಿಮಿಷವೂ ನಿಲ್ಲಲಿಲ್ಲ.

ಹೆಗಲಿನ ಎಲುಬು ಕೂಡಿಕೊಳ್ಳುವದು, ಮಕ್ಕಳಲ್ಲಂತೂ ಬೇಗನೆ. ಕೂಡಿಕೊಳ್ಳದ ಗಾಯಗಳೇ ನನಗೆ ಹೆಚ್ಚು ಭಯ. ಬೆಳೆಯುವ ಮಗುವಿನ ಉದ್ದ ಎಲುಬುಗಳ ತುದಿಯಲ್ಲಿ ಮೆದುವಾದ ಬೆಳವಣಿಗೆಯ ಪದರವಿರುವದು. ಹುಡುಗಿಯರಲ್ಲಿ ಅದು ಸಾಮಾನ್ಯವಾಗಿ ಹದಿನಾಲ್ಕು ಹದಿನೈದರ ಸುಮಾರಿಗೆ, ಹುಡುಗರಲ್ಲಿ ಇನ್ನೂ ಎರಡು ವರುಷ ತಡವಾಗಿ, ಗಟ್ಟಿಯಾಗಿ ಮುಚ್ಚಿಕೊಳ್ಳುವದು. ಅದರ ಮೇಲೆ ಪೆಟ್ಟು ಬಿದ್ದರೆ ಕಾಲು ಗಿಡ್ಡವಾಗಿಯೋ ಡೊಂಕಾಗಿಯೋ ಬೆಳೆಯುವ ಸಂಭವವುಂಟು. ಮೊಳಕಾಲಿನ ಒಳಗಿನ ಕಟ್ಟುನರವು ಹರಿಯುವದು ಮೈನೆರೆದ ವಯಸ್ಸಿನ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚೆಂದು ವೈದ್ಯರೆಲ್ಲರೂ ಒಪ್ಪಿರುವರು. ಇದಕ್ಕೆ ನಮ್ಮ ಅಡಿಗೆಮನೆಯ ದಾರಿದ್ರ್ಯವೂ ಸೇರುವದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರುಷದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರೆಂದು ಕಂಡುಬಂದಿತು. ಅಂಥ ತಾಯಿಯರ ಮಕ್ಕಳನ್ನು ಅರೆಹೊಟ್ಟೆಯಲ್ಲಿ ಹಿಡಿತಕ್ಕೆ ಇಳಿಸಿ ಕೇಕೆ ಹಾಕುವದು ಆಟವೆನಿಸದು.

ಕಬಡ್ಡಿಯ ನಿಯಮ ಮಾಡಿದವರು ಭಾರದ ಪ್ರಶ್ನೆಯನ್ನು ಮರೆತಿಲ್ಲವೆಂಬದನ್ನು ಒಪ್ಪಿಕೊಳ್ಳಬೇಕು. ಹದಿನಾರರೊಳಗಿನ ಬಾಲಕ ಬಾಲಿಕೆಯರಿಗೆ 55 ಕಿಲೋ, ಇಪ್ಪತ್ತರೊಳಗಿನ ಯುವತಿಯರಿಗೆ 65, ಪ್ರೌಢ ಸ್ತ್ರೀಯರಿಗೆ 75 ಕಿಲೋ ಎಂಬ ಮಿತಿಯನ್ನು ಹಾಕಿರುವರು. ಚಿಕ್ಕವರ ಅಂಕಣವನ್ನೂ ಚಿಕ್ಕದು ಮಾಡಿರುವರು. ಆದರೆ ಇದು ಮೇಲಿನ ಮಿತಿ ಮಾತ್ರ, ಕೆಳಗಿನ ಮಿತಿಯಲ್ಲ. ನನ್ನ ತಂಗಿಯ ಮಗಳನ್ನು ದವಸದ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿದಾಗ 26 ಕಿಲೋ ತೂಗಿದಳು. ನಿಯಮದ ಪ್ರಕಾರ ಅವಳನ್ನು 55 ಕಿಲೋದ ಹುಡುಗಿಯು ಹಿಡಿಯಬಹುದು. ಮಿತಿಯೊಳಗೇ ಇದೆ, ಯಾರೂ ತಕರಾರು ಮಾಡುವ ಹಾಗಿಲ್ಲ. ಕುಸ್ತಿಯ ಗರಡಿಯಲ್ಲಿ ಯಾವ ಉಸ್ತಾದನೂ ತನಗಿಂತ ಎರಡು ಪಟ್ಟು ಭಾರದವನ ಮುಂದೆ ಎಳೆಯ ಶಿಷ್ಯನನ್ನು ನಿಲ್ಲಿಸನು. ಮೇಲಾಗಿ, ಈ ಮಿತಿಯೊಳಗೆ ಬರಲೆಂದು ಹದಿನೈದರ ಹುಡುಗಿಯರು ಪಂದ್ಯಕ್ಕೆ ಮುಂಚೆ ಎರಡು ದಿನ ಉಪವಾಸವಿರುವದನ್ನೂ ನೀರು ಬಿಡುವದನ್ನೂ ನಾನು ಕಂಡಿದ್ದೇನೆ. ಜನ್ಮದಿನಾಂಕದ ಕಾಗದಗಳ ವಿಷಯವನ್ನು ಇಲ್ಲಿ ಎತ್ತುವದಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ.

ಈ ಪ್ರಶ್ನೆಯು ನಮ್ಮೊಬ್ಬರದೇ ಅಲ್ಲ. ಅಮೇರಿಕಾ ದೇಶದಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟವು ವಾಸ್ತವವಾಗಿ ಚೆಂಡು ಹಿಡಿದವನನ್ನು ಕೆಡಹುವ ಆಟ. ಅಲ್ಲಿ ಆರೇಳು ವರುಷದ ಮಕ್ಕಳಿಗೂ ಶಿರಸ್ತ್ರಾಣ ಹಾಕಿ ತಂಡ ಕಟ್ಟುವರು. 2002ರಲ್ಲಿ ಬೆನೆಟ್ ಒಮಲು ಎಂಬ ವೈದ್ಯರು ಮೈಕ್ ವೆಬ್ಸ್ಟರ್ ಎಂಬ ಹೆಸರಾಂತ ಆಟಗಾರನ ಮೃತ ಮೆದುಳನ್ನು ಪರೀಕ್ಷಿಸಿ, ಮೇಲಿಂದ ಮೇಲೆ ಬಿದ್ದ ಪೆಟ್ಟುಗಳ ಗುರುತನ್ನು ಕಂಡುಹಿಡಿದಂದಿನಿಂದ ಆ ದೇಶದ ತಾಯ್ತಂದೆಗಳು ಚಿಂತೆಗೊಳಗಾದರು. 2015ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದವರು 42 ಮಂದಿ ನಿವೃತ್ತ ಆಟಗಾರರನ್ನು ಪರೀಕ್ಷಿಸಿ, ಹನ್ನೆರಡಕ್ಕೆ ಮುಂಚೆ ಹಿಡಿತದ ಆಟಕ್ಕಿಳಿದವರ ನೆನಪೂ ವಿವೇಚನೆಯೂ ಉಳಿದವರಿಗಿಂತ ಕುಂದಿರುವದನ್ನು ಕಂಡರು. ಬಳಿಕ ನಡೆದ ಶೋಧನೆಗಳೆಲ್ಲವೂ ಇದೇ ಫಲವನ್ನು ಕೊಟ್ಟಿಲ್ಲವೆಂಬದನ್ನು ಸತ್ಯಕ್ಕಾಗಿ ಹೇಳಬೇಕು. ಆದರೂ ಅದೇ ವರುಷ ಅಲ್ಲಿನ ಕಾಲ್ಚೆಂಡಿನ ಸಂಸ್ಥೆಯು ಹತ್ತರೊಳಗಿನ ಮಕ್ಕಳು ತಲೆಯಿಂದ ಚೆಂಡನ್ನು ಹೊಡೆಯುವದನ್ನು ನಿಷೇಧಿಸಿತು. 2020ರಲ್ಲಿ ಇಂಗ್ಲೆಂಡಿನವರು ಪ್ರಾಥಮಿಕ ಶಾಲೆಯ ವಯಸ್ಸಿನವರ ಅಭ್ಯಾಸದಿಂದ ಅದನ್ನು ತೆಗೆದುಹಾಕಿದರು. ಆಟವನ್ನು ನಿಲ್ಲಿಸಲಿಲ್ಲ, ಆಟದೊಳಗಿನ ಒಂದು ಅಪಾಯವನ್ನು ಮಾತ್ರ ಮುಂದಕ್ಕೆ ಹಾಕಿದರು. ಕಬಡ್ಡಿಯಲ್ಲಿ ಶಿರಸ್ತ್ರಾಣಗಳ ಡಿಕ್ಕಿ ಇಲ್ಲವೆಂಬದು ನಿಜ. ಆದರೆ ಹಿಂದಕ್ಕೆ ಬಿದ್ದ ತಲೆಗೆ ನೆಲವೆಲ್ಲಿಯೂ ಒಂದೇ; ಎರೆಯ ಹೆಂಟೆಗೆ ಕರುಣೆ ಕಡಿಮೆ.

ನನ್ನ ತಂಗಿಯು ಇಷ್ಟನ್ನು ಕೇಳಿ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಕ್ಕಾ?" ಎಂದಳು. ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರ ಕೊಡಲೇಬೇಕು. ಎಳೆಯದರಲ್ಲಿ ಬಗ್ಗಬೇಕಾದುದು ಯಾವದೆಂದು ನೋಡೋಣ. ಉಸಿರು ಬಿಗಿಹಿಡಿಯುವದು, ಹೆಜ್ಜೆಯ ಮೋಸ, ಕಣ್ಣಂಚಿನಲ್ಲಿ ಏಳು ಜನರನ್ನು ನೋಡುವದು, ಅರೆಗಳಿಗೆಯಲ್ಲಿ ತಿರುಗುವದು, ಬೀಳುವಾಗ ಗದ್ದವನ್ನು ಎದೆಗೊತ್ತಿ ಹೆಗಲಿನ ಮೇಲೆ ಉರುಳುವದು ಇವೆಲ್ಲ ಎಂಟು ಒಂಬತ್ತರಲ್ಲಿ ಕಲಿತರೆ ಜನ್ಮಕ್ಕಂಟುವ ವಿದ್ಯೆಗಳು. ಇವುಗಳಲ್ಲಿ ಒಂದಕ್ಕೂ ಹಿಡಿತ ಬೇಕಿಲ್ಲ, ಮುಟ್ಟಾಟದಲ್ಲಿಯೇ ಬರುತ್ತವೆ. ಹಿಡಿತದ ಪಟ್ಟುಗಳಾದರೋ ಬಲದ ಮೇಲೆ ನಿಂತ ವಿದ್ಯೆ. ಬಲ ಬರುವ ಮುಂಚೆ ಕಲಿಸಿದರೆ ಮಗುವು ಪಟ್ಟನ್ನು ಕಲಿಯದು, ಮೈಯನ್ನು ಎಸೆಯುವದನ್ನು ಮಾತ್ರ ಕಲಿಯುವದು. ಅದನ್ನು ಹದಿಮೂರರಲ್ಲಿ ಬಿಡಿಸಬೇಕಾದರೆ ಕಲಿಸುವದಕ್ಕಿಂತ ಹೆಚ್ಚು ಶ್ರಮ.

ಇನ್ನೊಂದು ಕಡೆಯಿಂದ ಬರುವ ಮಾತು ನನಗೆ ಎಳ್ಳಷ್ಟೂ ಒಪ್ಪಿಗೆಯಿಲ್ಲ. ನಮ್ಮ ಹಿರಿಯ ಮುತ್ತೈದೆಯರು, ಕೆಲವರು ಸಭೆಯ ಹಿರಿಯರೂ ಕೂಡ, "ಹೆಣ್ಣುಮಗಳ ಮುಖದ ಮೇಲೆ ಕಲೆ ಬಿದ್ದರೆ, ಕೈ ಸೊಟ್ಟಾದರೆ ಯಾರು ಮಾಡಿಕೊಂಡಾರು?" ಎನ್ನುವರು. ಮೊಳಕಾಲು ಕೆಟ್ಟರೆ ಹುಡುಗನಿಗೂ ಅಷ್ಟೇ ನೋವು. ಮಗುವಿನ ಮೈ ಕಾಯಬೇಕಾದುದು ಅದು ಮಗುವಿನದಾದುದರಿಂದ. ಮುಂದೆ ಬರುವ ಗಂಡನ ಸೊತ್ತೆಂದಲ್ಲ. ಈ ಕಾರಣದಿಂದಲೇ ನನ್ನ ಹಿಂಜರಿಕೆಯನ್ನು ಇವರು ತಮ್ಮ ಪಕ್ಷಕ್ಕೆ ಸೇರಿಸಿಕೊಂಡಾಗ ನನಗೆ ತಂಗಿಯ ಮೇಲಿಗಿಂತ ಹೆಚ್ಚು ಸಿಟ್ಟು ಬಂದಿತು. ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಓಟವನ್ನೂ ಮುಷ್ಟಿಕಾಳಗವನ್ನೂ ಹೋಲಿಕೆಗೆ ತಂದಿರುವದನ್ನು ನಮ್ಮ ಸಭೆಯ ಹಿರಿಯರಿಗೆ ನೆನಪು ಮಾಡಬೇಕಾಯಿತು. (ಅವನು ಅದನ್ನು ಬರೆದುದು ಐದನೆಯ ತರಗತಿಯವರಿಗಲ್ಲವೆಂದು ತಂಗಿಗೂ ಹೇಳಿದೆನು.)

ನಮ್ಮ ಶಾಲೆಗಳ ಹಳೆಯ ರೂಢಿಯಲ್ಲಿ ಇದಕ್ಕೆ ಒಂದು ದಾರಿ ಮೊದಲೇ ಇತ್ತು. ಹ್ಯಾರಿ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ವಿದ್ಯಾಲಯವನ್ನು ತೆರೆದಂದಿನಿಂದ ಅಲ್ಲಿ ತರಬೇತಿಯಾದವರು ದಕ್ಷಿಣ ದೇಶದ ಶಾಲೆಗಳಲ್ಲೆಲ್ಲ ಹರಡಿದರು. ನಾವು ಕಿರಿಯ ತರಗತಿಗಳಲ್ಲಿ ಆಡಿದ ರಿಂಗಿನಾಟ, ಥ್ರೋಬಾಲು, ಲೇಜಿಮು, ಡ್ರಿಲ್ಲುಗಳಲ್ಲಿ ಒಂದರಲ್ಲಿಯೂ ಒಬ್ಬರ ಮೇಲೊಬ್ಬರು ಬೀಳುವದಿರಲಿಲ್ಲ. ಅದಕ್ಕಾಗಿ ಉಪಾಧ್ಯಾಯಿನಿಯರನ್ನು ಅಂಜುಬುರುಕರೆಂದು ನಾವೇ ಹಿಂದಿನಿಂದ ಹಾಸ್ಯ ಮಾಡುತ್ತಿದ್ದೆವು. ಖೋ ಖೋ ಒಂದೇ ಸಾಕು, ಓಟ ತಿರುವು ಉಸಿರು ಎಲ್ಲವೂ ಅದರಲ್ಲಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಸ್ತ್ರೀಯರ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಎಂಬವಳಿದ್ದಳು. ಅದರಿಂದಲೂ ಪದಕ ಬರುವದು, ನೌಕರಿಯೂ ಬರಬಹುದೆಂದು ತಂಗಿಗೆ ತಿಳಿಯಹೇಳಿದೆ. ಅವಳು, "ಅವಳಿಗೆ ಬೇಕಾದದ್ದು ಕಬಡ್ಡಿ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗುವಿನ ಒಲವೂ ಒಂದು ಲೆಕ್ಕವೇ ಸರಿ.

ಕೊನೆಗೆ ಆದ ಏರ್ಪಾಡು ಹೀಗಿದೆ. ತಂಡವನ್ನು ನೋಡಿಕೊಳ್ಳುವ ಮಾಸ್ತರರು ನನ್ನ ಮಾತನ್ನು ಅರ್ಧ ಒಪ್ಪಿದರು. ಹನ್ನೆರಡು ತುಂಬದವರು ವಾರದಲ್ಲಿ ಮೂರು ಸಂಜೆ ದೊಡ್ಡವರ ಜೊತೆಗೇ ಅಭ್ಯಾಸ ಮಾಡುವರು. ಆದರೆ ಅವರ ತೋಳಿಗೆ ಒಂದು ಬಿಳಿಯ ಪಟ್ಟಿ. ಪಟ್ಟಿಯುಳ್ಳವಳನ್ನು ಎರಡು ಕೈಯಿಂದ ಬೆನ್ನು ಮುಟ್ಟಿದರೆ ಹಿಡಿದಂತೆಯೇ ಲೆಕ್ಕ. ಅವರನ್ನು ಹೊರಗಿನ ಪಂದ್ಯಗಳಿಗೆ ಒಯ್ಯುವದಿಲ್ಲ. ಹನ್ನೆರಡಾದ ಮೇಲೆ ಒಂದು ವರುಷ ಪೂರಾ ಬೀಳುವದನ್ನೂ ಹಿಡಿಯುವದನ್ನೂ ಸರಿಸಮ ಭಾರದ ಜೋಡಿಯೊಡನೆ ಕಲಿಯಬೇಕು. ಏಳೆಂಟು ಕಿಲೋಗಿಂತ ಹೆಚ್ಚು ಅಂತರವಿರಬಾರದು. ಈ ಅಂಕಿಯನ್ನು ಯಾವ ಗ್ರಂಥದಿಂದಲೂ ತೆಗೆದದ್ದಲ್ಲ, ನಾನೂ ಮಾಸ್ತರರೂ ಚಹಾ ಕುಡಿಯುತ್ತ ಗೊತ್ತುಮಾಡಿದ್ದು. ಬಲ್ಲವರು ತಿದ್ದಿದರೆ ತಿದ್ದಿಸಿಕೊಳ್ಳುತ್ತೇವೆ. ಮಾಸ್ತರರು ಒಪ್ಪದಿದ್ದ ಅರ್ಧವೆಂದರೆ ಹೋಬಳಿ, ತಾಲೂಕು ಪಂದ್ಯಗಳು. ಪ್ರಾಥಮಿಕ ಶಾಲೆಯ ವಿಭಾಗದಲ್ಲಿ ತಂಡ ಇಳಿಸಲೇಬೇಕಾದಾಗ ಏಳು ಜನ ಸಾಲದೆ ಬಿದ್ದರೆ ಪಟ್ಟಿಯವಳೊಬ್ಬಳನ್ನು ತೆಗೆದುಕೊಳ್ಳಬೇಕಾದೀತೆಂದು ಅವರ ಹಟ. ನನ್ನ ಹಟ ಅದಕ್ಕೆ ಬೇರೆ. ಅದು ಇನ್ನೂ ಇತ್ಯರ್ಥವಾಗಿಲ್ಲ. ಬಿಳಿಯ ಪಟ್ಟಿಯನ್ನು ನೋಡಿ ನನ್ನ ತಂಗಿಯ ಮಗಳು ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು. ಐದನೆಯ ದಿನ, ಪಟ್ಟಿಯಿದ್ದರೆ ದೊಡ್ಡ ಹುಡುಗಿಯರು ತನ್ನ ಹತ್ತಿರ ಬರಲಂಜುವದರಿಂದ ತಾನು ಒಂದೇ ದಾಳಿಗೆ ಮೂವರನ್ನು ಮುಟ್ಟಿ ಬಂದೆನೆಂದು ಹೇಳುವದಕ್ಕೆ ಓಡಿ ಬಂದಳು.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ಒಂದು ಬಿನ್ನಹವಿದೆ. ನಮ್ಮ ಶಾಲೆಯ ಹಿಂದಿನ ಅಂಗಳದಲ್ಲಿಯೂ ಕಿರಿಯರಿಗಾಗಿ ಹೀಗೆಯೇ ನಡೆಯಿಸಬಹುದೆಂದು ನನ್ನ ಅಭಿಪ್ರಾಯ. ಬೇಕಾದುದು ಹೆಚ್ಚೇನೂ ಅಲ್ಲ. ಎರೆಯನ್ನು ಒಂದು ಮೊಳ ಅಗೆದು ತೆಗೆದು, ಕೆಂಪು ಮಣ್ಣೂ ಮರಳೂ ಬೆರಸಿ ತುಂಬಿಸಬೇಕು. ಬೀಳುವದನ್ನು ಕಲಿಸಲು ನಾಲ್ಕು ದಪ್ಪ ಚಾಪೆಗಳು, ಒಂದು ತೂಕದ ಯಂತ್ರ, ಪ್ರಥಮ ಚಿಕಿತ್ಸೆ ಬಲ್ಲ ಒಬ್ಬ ವ್ಯಾಯಾಮ ಶಿಕ್ಷಕಿ. ಸಂಜೆ ಆಡಿದವರಿಗೆ ಶೇಂಗಾ ಬೆಲ್ಲ, ಸಾಧ್ಯವಾದರೆ ಒಂದು ತತ್ತಿ. ಸಿಂಧನೂರಿನಲ್ಲಿರುವ ಒಬ್ಬ ಸೋದರಿಯು ತೂಕದ ಯಂತ್ರವನ್ನು ಕೊಡುವದಾಗಿ ಆಗಲೇ ಹೇಳಿರುವಳು. ಮಣ್ಣಿಗೆ ಮೂರು ಟ್ರ್ಯಾಕ್ಟರು ಬೇಕು. ಮಳೆ ಹಿಡಿಯುವ ಮುಂಚೆ ತರಿಸಬೇಕಾದುದರಿಂದ, ಮನಸ್ಸಿದ್ದವರು ವಾರ್ಷಿಕೋತ್ಸವದ ದಿನವೇ ನನ್ನನ್ನು ಕಂಡು ಹೆಸರು ಬರೆಯಿಸಿದರೆ ಅನುಕೂಲವಾಗುವದು.